ಎತ್ತರದ ನೀರು ಸ್ಪ್ರಿಂಕ್ಲರ್ ತಲುಪುವ ತನಕ

ಎಲ್ಲರಿಗೂ ನಮಸ್ಕಾರ.

ಮೇಲೆ ಒಂದು ಟ್ಯಾಂಕ್, ಕೆಳಗೆ ತೋಟ, ನಡುವೆ ಪೈಪ್. ಪಂಪ್ ಬೇಡ, ಕರೆಂಟ್ ಬೇಡ. ನೀರು ತಾನಾಗೇ ಇಳಿದು ಬಂದು ಸ್ಪ್ರಿಂಕ್ಲರ್ ತಿರುಗಿಸುತ್ತದೆ. ಇಂಥ ವ್ಯವಸ್ಥೆ ಕಂಡರೆ ನನಗೆ ಈಗಲೂ ಖುಷಿ. ಆದರೆ ಇದನ್ನು ಮಾಡಿಕೊಂಡವರು ಸಿಕ್ಕಾಗೆಲ್ಲ ಕೇಳುವುದು ಒಂದೇ ಮಾತು: "ಪ್ರೆಶರ್ ಸಾಲ್ತಾ ಇಲ್ಲ, ಏನು ಮಾಡಲಿ?"

ನಾನು ಮೊದಲು ಟ್ಯಾಂಕ್ ದೊಡ್ಡದು ಮಾಡಿದೆ. 500 ಲೀಟರಿನದು ತೆಗೆದು, ಅದೇ ಜಾಗದಲ್ಲಿ 2000 ಲೀಟರಿನದು ಇಟ್ಟೆ. ನೀರು ಜಾಸ್ತಿ ಹೊತ್ತು ಬಂತು, ಅಷ್ಟೇ. ಚಿಮ್ಮುವ ದೂರ ಹೆಚ್ಚಲಿಲ್ಲ. ಟ್ಯಾಂಕ್ ಎಷ್ಟು ಅಗಲ, ಎಷ್ಟು ಲೀಟರ್ ಅನ್ನುವುದು ಒತ್ತಡದ ಲೆಕ್ಕಕ್ಕೇ ಬರುವುದಿಲ್ಲ. ಟ್ಯಾಂಕಿನ ನೀರಿನ ಮಟ್ಟಕ್ಕೂ ಸ್ಪ್ರಿಂಕ್ಲರಿನ ಬಾಯಿಗೂ ನಡುವೆ ನೇರ ಎತ್ತರ ಎಷ್ಟು? ಅದೊಂದೇ ಲೆಕ್ಕ. 10 ಮೀಟರಿಗೆ ಸುಮಾರು 1 ಕೆಜಿ ಪ್ರೆಶರ್, ಅಂದರೆ ಒಂದು ಚದರ ಸೆಂಟಿಮೀಟರ್ ಮೇಲೆ 1 ಕೆಜಿ ಭಾರ ಬಿದ್ದಷ್ಟು ಒತ್ತಡ. ಇಳಿಜಾರಿನಲ್ಲಿ ಪೈಪ್ ಎಷ್ಟೇ ಉದ್ದ ಇದ್ದರೂ ಅದರಿಂದ ಒತ್ತಡ ಸಿಗುವುದಿಲ್ಲ, ಕಳೆದುಹೋಗುತ್ತದೆ.

ಟಪ್ ಟಪ್ ಎಂದು ಬಡಿದುಕೊಂಡು ತಿರುಗುವ ದೊಡ್ಡ ಸ್ಪ್ರಿಂಕ್ಲರಿಗೆ ಸಾಮಾನ್ಯವಾಗಿ 2ರಿಂದ 3 ಕೆಜಿ ಬೇಕು. ಅಂದರೆ 20-30 ಮೀಟರ್ ಎತ್ತರ. ಅಷ್ಟಿಲ್ಲದೆ ಅದನ್ನೇ ಹಾಕಿದರೆ ನೀರು ಒಡೆದು ಸಣ್ಣ ಹನಿಯಾಗುವುದಿಲ್ಲ. ದಪ್ಪ ದಪ್ಪ ಹನಿ ದೂರದಲ್ಲಿ ಬಳೆಯ ಹಾಗೆ ಒಂದು ಸುತ್ತು ಬೀಳುತ್ತವೆ, ನಡುವಿನ ಮಣ್ಣು ಒಣಗಿಯೇ ಇರುತ್ತದೆ. ಎತ್ತರ ಕಡಿಮೆ ಇದ್ದವರು 1 ಕೆಜಿ ಆಸುಪಾಸಿನಲ್ಲಿ ಕೆಲಸ ಮಾಡುವ ಸಣ್ಣ ಸ್ಪ್ರಿಂಕ್ಲರ್ ಆರಿಸಿಕೊಳ್ಳುವುದೇ ಸರಿ.

ಇನ್ನು ಪೈಪಿನ ವಿಷಯ. ಪೈಪಿನ ತುದಿಗೆ ಹೆಬ್ಬೆರಳು ಅಡ್ಡ ಹಿಡಿದರೆ ನೀರು ದೂರ ಚಿಮ್ಮುತ್ತದೆ, ಅಲ್ವಾ? ಇದನ್ನು ನೋಡಿಯೇ ಎಷ್ಟೋ ಜನ ಸಣ್ಣ ಪೈಪ್ ಹಾಕಿದರೆ ಪ್ರೆಶರ್ ಜಾಸ್ತಿ ಬರುತ್ತದೆ ಅಂದುಕೊಳ್ಳುತ್ತಾರೆ. ನಿಜವಾಗಿ ಆಗುವುದು ಬೇರೆ. ಬೆರಳು ಅಡ್ಡ ಬಂದಾಗ ಹರಿಯುವ ನೀರು ಕಡಿಮೆಯಾಗುತ್ತದೆ. ನಿಧಾನವಾಗಿ ಹರಿದರೆ ಪೈಪಿನ ಗೋಡೆಗೆ ಉಜ್ಜಿ ಕಳೆಯುವ ಒತ್ತಡವೂ ಕಡಿಮೆ. ಉಳಿದದ್ದೆಲ್ಲ ಬೆರಳಿನ ತನಕ ಬಂದು ತಲುಪುತ್ತದೆ. ಬಾಯಿ ಚಿಕ್ಕದಿರಬೇಕು, ದಾರಿ ದೊಡ್ಡದಿರಬೇಕು.

ಒಂದು ಲೆಕ್ಕ ಹೇಳುತ್ತೇನೆ. ಎತ್ತರ 12 ಮೀಟರ್, ಪೈಪಿನ ಉದ್ದ 150 ಮೀಟರ್, ನಿಮಿಷಕ್ಕೆ 30 ಲೀಟರ್ ನೀರು. ಒಳಗಿನ ಅಳತೆ 25 ಮಿಲಿಮೀಟರ್ ಇರುವ ನುಣುಪಾದ ಪ್ಲಾಸ್ಟಿಕ್ ಪೈಪ್ ಆದರೆ ದಾರಿಯಲ್ಲೇ ಸುಮಾರು 7 ಮೀಟರ್ ಎತ್ತರ ಕೊಡುವಷ್ಟು ಒತ್ತಡ ಹೋಗುತ್ತದೆ. ಉಳಿಯುವುದು ಬರೀ 5. ಅದೇ ಪೈಪ್ 40 ಮಿಲಿಮೀಟರಿನದಾದರೆ ಹೋಗುವುದು 1 ಮೀಟರಿಗಿಂತ ಕಡಿಮೆ! ಟ್ಯಾಂಕ್ ಅಲ್ಲೇ ಇದೆ, ನೀರೂ ಅಷ್ಟೇ. ತುದಿಯಲ್ಲಿ ಒತ್ತಡ ಎರಡು ಪಟ್ಟಿಗೂ ಜಾಸ್ತಿ.

ಪೈಪ್ ಬದಲಿಸಲು ಆಗದಿದ್ದರೆ ಒಂದೇ ಸಲ ಎಲ್ಲ ಸ್ಪ್ರಿಂಕ್ಲರ್ ಬಿಡಬೇಡಿ. ಅರ್ಧ ಬಿಡಿ, ಅರ್ಧಕ್ಕೆ ವಾಲ್ವ್ ಮುಚ್ಚಿ. ಅದೇ 25 ಮಿಲಿಮೀಟರ್ ಪೈಪಿನಲ್ಲಿ 15 ಲೀಟರ್ ಮಾತ್ರ ಹರಿದರೆ ಕಳೆಯುವುದು 7ರಿಂದ 2 ಮೀಟರಿಗೆ ಇಳಿಯುತ್ತದೆ. ಒಂದು ಪೈಸೆ ಖರ್ಚಿಲ್ಲದ ಉಪಾಯ ಇದು.

ಗಾಳಿಯ ಕಾಟ ಬೇರೆಯೇ ಇದೆ. ನನ್ನ ಪೈಪ್ ಒಂದು ಬಂಡೆಯ ಮೇಲೆ ಹತ್ತಿ ಇಳಿದಿತ್ತು. ಆ ಉಬ್ಬಿನಲ್ಲಿ ಗಾಳಿ ಸೇರಿಕೊಂಡು, ನೀರು ಅದರ ಕೆಳಗೆ ನುಸುಳಿಕೊಂಡು ಹೋಗಬೇಕಿತ್ತು. ಎಷ್ಟೋ ದಿನ ನಾಜಲ್ ಬಿಚ್ಚಿ ಬಿಚ್ಚಿ ತೊಳೆದೆ. ಕೊನೆಗೆ ಉಬ್ಬಿನ ನೆತ್ತಿಗೆ ಒಂದು ಸಣ್ಣ ನಲ್ಲಿ ಕೂರಿಸಿ ತಿರುಗಿಸಿದೆ. ಮೊದಲು ಬರೀ ಗಾಳಿ ಸುಯ್ ಎಂದಿತು. ಆಮೇಲೆ ಬಿಳಿ ನೊರೆ ಉಗುಳಿತು, ಮತ್ತೆ ಗಾಳಿ, ಮತ್ತೆ ನೊರೆ. ಕೊನೆಗೆ ತಿಳಿ ನೀರು. ನಲ್ಲಿ ಮುಚ್ಚಿ ತಿರುಗಿ ನೋಡಿದರೆ ಕೆಳಗೆ ಸ್ಪ್ರಿಂಕ್ಲರ್ ತಿರುಗುತ್ತಿತ್ತು. ಈಗಾದರೆ ಅಂಥ ಕಡೆ ಗಾಳಿಯನ್ನು ತಾನಾಗೇ ಹೊರಬಿಡುವ ಏರ್ ವಾಲ್ವ್ ಹಾಕಿಬಿಡಿ ಅನ್ನುತ್ತೇನೆ. ಟ್ಯಾಂಕಿನಲ್ಲಿ ಪೈಪಿನ ಬಾಯಿ ಯಾವಾಗಲೂ ಮುಳುಗಿರಲಿ, ಇಲ್ಲದಿದ್ದರೆ ಅಲ್ಲಿಂದಲೇ ಗಾಳಿ ಎಳೆದುಕೊಳ್ಳುತ್ತದೆ. ಫಿಲ್ಟರ್ ತೊಳೆಯುವುದನ್ನು ಬೇರೆ ಹೇಳಬೇಕಿಲ್ಲ.

ಏನೇ ಬದಲಾಯಿಸುವ ಮೊದಲು ಸ್ಪ್ರಿಂಕ್ಲರ್ ಹತ್ತಿರ ಒಂದು ಪ್ರೆಶರ್ ಗೇಜ್ ಕೂರಿಸಿ. ಎಲ್ಲ ಸ್ಪ್ರಿಂಕ್ಲರ್ ಮುಚ್ಚಿದಾಗ ಮುಳ್ಳು ತೋರಿಸುವುದು ನಿಮ್ಮ ಎತ್ತರವನ್ನು. 12 ಮೀಟರಿಗೆ ಸುಮಾರು 1.2 ಕೆಜಿ. ಬಿಟ್ಟಾಗ 0.5ಕ್ಕೆ ಇಳಿದರೆ 0.7 ದಾರಿಯಲ್ಲಿ ಹೋಯಿತು, ಪೈಪ್ ನೋಡಿ. ಮುಚ್ಚಿದಾಗಲೇ ಕಡಿಮೆ ಇದ್ದರೆ ಗಾಳಿ ನಿಂತಿದೆ, ಎಲ್ಲೋ ಸೋರುತ್ತಿದೆ, ಇಲ್ಲವೇ ಎತ್ತರ ಅಳೆದದ್ದು ತಪ್ಪು. ಮುಚ್ಚಿದಾಗಲೂ ಬಿಟ್ಟಾಗಲೂ ಹೆಚ್ಚುಕಮ್ಮಿ ಒಂದೇ ತೋರಿಸಿ, ಆದರೂ ಸಾಲದಿದ್ದರೆ? ಆಗ ಕಡಿಮೆ ಪ್ರೆಶರಿನ ಸಣ್ಣ ಸ್ಪ್ರಿಂಕ್ಲರ್ ಹಾಕಬೇಕು, ಟ್ಯಾಂಕ್ ಮೇಲೇರಿಸಬೇಕು, ಇಲ್ಲವೇ ಒತ್ತಡ ಹೆಚ್ಚಿಸುವ ಸಣ್ಣ ಬೂಸ್ಟರ್ ಪಂಪ್ ಇಡಬೇಕು. ಬೇರೆ ದಾರಿ ಇಲ್ಲ.

ಗೇಜ್ ಇಲ್ಲೇ ಮೇಜಿನ ಮೇಲಿದೆ, ಕೈಗೆ ತಗೊಂಡು ನೋಡಿ. ನಿಮ್ಮ ಟ್ಯಾಂಕಿನ ಎತ್ತರ, ಪೈಪಿನ ಉದ್ದ, ಒಳಗಿನ ಅಳತೆ ಗೊತ್ತಿದ್ದವರು ಹೇಳಿ. ಒಬ್ಬೊಬ್ಬರದಾಗಿ ಇಲ್ಲೇ ಲೆಕ್ಕ ಹಾಕೋಣ.