ಆಫೀಸಿಗೂ ಆಗುಂಬೆಗೂ ಒಂದೇ ಸೈಕಲ್

ಕೇಳುಗರಿಗೆಲ್ಲ ನಮಸ್ಕಾರ.

ದಿನಾ ಕೆಲಸಕ್ಕೆ ಹೋಗಿಬರೋದಕ್ಕೆ, ರಜೆ ಸಿಕ್ಕರೆ ನೂರಿನ್ನೂರು ಕಿಲೋಮೀಟರ್ ಸುತ್ತಿಬರೋದಕ್ಕೆ ಒಂದು ಸೈಕಲ್ ಬೇಕು, ಯಾವುದು ತಗೊಳ್ಳಲಿ ಅಂತ ಕೇಳುವವರು ಈಗ ಊರೂರಲ್ಲೂ ಇದ್ದಾರೆ. ಎರಡು ಕೆಲಸಕ್ಕೆ ಎರಡು ಸೈಕಲ್ ಬೇಕಾಗುತ್ತದೇನೋ ಎಂಬ ಅನುಮಾನವೂ ಅವರಿಗಿರುತ್ತದೆ. ಬೇಕಿಲ್ಲ, ಒಂದೇ ಸಾಕು. ಆದರೆ ಅಂಗಡಿಯಲ್ಲಿ ಮೊದಲು ನಿಮ್ಮ ಮುಂದೆ ತಂದು ನಿಲ್ಲಿಸುವ ಸೈಕಲ್ ಬಹಳಮಟ್ಟಿಗೆ ಅದಾಗಿರುವುದಿಲ್ಲ.

ಮುಂದೆ ತಂದು ನಿಲ್ಲಿಸುವುದು ಯಾವುದನ್ನು? ದಪ್ಪ ಟೈರು, ಟೈರಿನ ತುಂಬ ಗುಬಟುಗಳು, ಮುಂದಿನ ಚಕ್ರ ಹಿಡಿಯುವ ಫೋರ್ಕಿನಲ್ಲಿ ಸ್ಪ್ರಿಂಗು, ಬಾರಿನ ಮೇಲೆ 21 ಗೇರ್ ಎಂಬ ಸ್ಟಿಕ್ಕರು. ಕಲ್ಲುಮುಳ್ಳಿನ ಬೆಟ್ಟದ ಹಾದಿಗೆ ಹುಟ್ಟಿದ ಎಂಟಿಬಿಯ, ಅಂದರೆ ಮೌಂಟನ್ ಬೈಕಿನ, ರೂಪ ಅದು. ಟಾರು ರಸ್ತೆಗೆ ಇಳಿದ ಕೂಡಲೇ ಆ ಗುಬಟುಗಳು ಗುಂಯ್ ಅಂತ ಸದ್ದು ಮಾಡುತ್ತವೆ. ಆ ಸದ್ದು ನಿಮ್ಮ ಕಾಲಿನ ಶಕ್ತಿಯಿಂದಲೇ ಬರುವಂಥದ್ದು. ಏರಿನಲ್ಲಿ ಎದ್ದು ನಿಂತು ತುಳಿದರೆ ಸ್ಪ್ರಿಂಗು ಕುಸಿಯುತ್ತದೆ, ಚಕ್ರಕ್ಕೆ ಹೋಗಬೇಕಾದ ಬಲದಲ್ಲಿ ಒಂದು ಪಾಲನ್ನು ಅದೇ ನುಂಗುತ್ತದೆ. ಕಡಿಮೆ ಬೆಲೆಯ ಸೈಕಲ್ಲಿನ ಸ್ಪ್ರಿಂಗ್ ಫೋರ್ಕು ಸಾದಾ ಫೋರ್ಕಿಗಿಂತ ಒಂದು ಕಿಲೋಗೂ ಹೆಚ್ಚು ತೂಗುತ್ತದೆ. ಇಷ್ಟೆಲ್ಲ ಇದ್ದು, ಆಫೀಸಿಗೆ ಹೋಗುವವನಿಗೆ ಬೇಕಾದ ಮಡ್‌ಗಾರ್ಡೂ ಇಲ್ಲ, ಕ್ಯಾರಿಯರೂ ಇಲ್ಲ.

ನಮ್ಮ ಹಿರಿಯರು ಓಡಿಸುತ್ತಿದ್ದ ಕಪ್ಪು ಸೈಕಲ್ಲನ್ನು ನೆನಪಿಸಿಕೊಳ್ಳಿ. ಅಟ್ಲಾಸ್, ಹರ್ಕ್ಯುಲಿಸ್, ರ್‍ಯಾಲಿ, ಯಾವುದೇ ಆಗಲಿ. ಎರಡೂ ಚಕ್ರಕ್ಕೆ ಮಡ್‌ಗಾರ್ಡು, ಪಂಚೆ ಸಿಕ್ಕಿಕೊಳ್ಳದಂತೆ ಚೈನ್ ಕವರು, ಅಕ್ಕಿಮೂಟೆ ಹೊರುವ ಕ್ಯಾರಿಯರು, ಗಟ್ಟಿ ಸ್ಟ್ಯಾಂಡು, ಬೆಲ್ಲು, ಡೈನಮೋ ಲೈಟು. ದಿನಬಳಕೆಗೆ ಏನೇನು ಬೇಕೋ ಅದೆಲ್ಲ ಅದರಲ್ಲಿತ್ತು. ತೊಡಕು ಎರಡೇ: ಇಪ್ಪತ್ತು ಕಿಲೋ ಆಸುಪಾಸಿನ ತೂಕ, ಮತ್ತೆ ಗೇರ್ ಇಲ್ಲದಿರುವುದು. ಆ ಸಾಮಾನುಗಳನ್ನೆಲ್ಲ ಉಳಿಸಿಕೊಂಡು ಈ ಎರಡು ತೊಡಕನ್ನು ಮಾತ್ರ ಕಳೆದರೆ ಸಿಗುವ ಸೈಕಲ್ಲೇ ನಾನು ಇವತ್ತು ಹೇಳಹೊರಟಿರುವ ಸೈಕಲ್. ಅಂಗಡಿಯಲ್ಲಿ ಹೈಬ್ರಿಡ್ ಅಂತಲೋ, ಟೂರಿಂಗ್ ಅಂತಲೋ, ಗ್ರ್ಯಾವೆಲ್ ಅಂತಲೋ ಕೇಳಿದರೆ ಇದರ ಹತ್ತಿರಕ್ಕೆ ಬರುತ್ತೀರಿ.

ಹೆಸರು ಯಾವುದೇ ಇರಲಿ, ಮೊದಲು ಬಗ್ಗಿ ನೋಡಬೇಕಾದದ್ದು ಟೈರನ್ನು. ಟೈರಿನ ಬದಿಯಲ್ಲಿ 700 ಗುಣಿಸು 25, 700 ಗುಣಿಸು 32 ಅಂತ ಉಬ್ಬು ಅಕ್ಷರದಲ್ಲಿ ಬರೆದಿರುತ್ತದೆ. ಎರಡನೆಯ ಅಂಕಿ ಟೈರಿನ ಅಗಲ, ಮಿಲಿಮೀಟರಿನಲ್ಲಿ. ಸಣ್ಣ ಟೈರೇ ವೇಗ ಅಂತ ಬಹಳ ಕಾಲ ಎಲ್ಲರೂ ನಂಬಿದ್ದರು, ರೇಸಿನವರೂ 23 ಮಿಲಿಮೀಟರ್ ಟೈರು ಹಾಕುತ್ತಿದ್ದರು. ಈಗ ಟೂರ್ ಡಿ ಫ್ರಾನ್ಸ್ ಓಡಿಸುವವರೇ 28ಕ್ಕೂ ಅದರಾಚೆಗೂ ಬಂದಿದ್ದಾರೆ. ಅಗಲದ ಟೈರಿಗೆ ಕಡಿಮೆ ಗಾಳಿ ಸಾಕು. ಗಾಳಿ ಕಡಿಮೆಯಿದ್ದರೆ ರಸ್ತೆಯ ತರಿಯನ್ನು ಟೈರೇ ತಾಳಿಕೊಳ್ಳುತ್ತದೆ, ಮೈ ನಡುಗುವುದು ತಪ್ಪುತ್ತದೆ. ಹಾಗೆ ಮೈ ನಡುಗುವುದರಲ್ಲೇ ಎಷ್ಟೋ ಶಕ್ತಿ ಸೋರಿಹೋಗುತ್ತದೆ. ನಮ್ಮ ರಸ್ತೆಗಳಿಗೆ ಹೇಳುವುದಾದರೆ 32ರಿಂದ 38 ಮಿಲಿಮೀಟರ್, ಗುಬಟಿಲ್ಲದ ನುಣುಪು ಟೈರು. 2023ರ ಆಗಸ್ಟಿನಿಂದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್ ಹೆದ್ದಾರಿಯ ಮುಖ್ಯ ಪಥಕ್ಕೆ ಸೈಕಲ್ ಹತ್ತಿಸುವಂತಿಲ್ಲ, ಸರ್ವಿಸ್ ರಸ್ತೆಯಲ್ಲೇ ಹೋಗಬೇಕು. ಸರ್ವಿಸ್ ರಸ್ತೆ ಅಂದರೆ ಹಂಪು, ಮರಳು, ಚರಂಡಿ ಜಾಲರಿ. ಜಾಲರಿಯ ಸಂದಿಗೆ 25ರ ಟೈರು ಇಳಿದರೆ ಆಗುವ ಅನಾಹುತ ದೊಡ್ಡದು.

ಹಾಗಾಗಿ ಫೋರ್ಕಿನ ಎರಡು ಕಾಲಿನ ನಡುವೆ, ಹಿಂದೆ ಚೈನಿನ ಹತ್ತಿರ, ಟೈರಿನ ಅಕ್ಕಪಕ್ಕ ಎಷ್ಟು ಜಾಗ ಉಳಿದಿದೆ ನೋಡಿ. ಟೈರು ಇವತ್ತಲ್ಲ ನಾಳೆ ಬದಲಾಯಿಸಬಹುದು, ಫ್ರೇಮಿನ ಜಾಗವನ್ನು ಹಿಗ್ಗಿಸಲಾಗದು. ಅದರ ಜೊತೆಗೆ ಹಿಂದಿನ ಚಕ್ರದ ಅಚ್ಚಿನ ಮೇಲ್ಗಡೆ ಫ್ರೇಮಿನಲ್ಲಿ ಸ್ಕ್ರೂ ತಿರುಗಿಸುವ ಸಣ್ಣ ತೂತುಗಳಿವೆಯೇ ಅಂತ ಬೆರಳಿಟ್ಟು ನೋಡಿ. ಕ್ಯಾರಿಯರ್ ಕೂರುವುದು ಅಲ್ಲೇ. ಆ ತೂತು ಇಲ್ಲದಿದ್ದರೆ ಲ್ಯಾಪ್‌ಟಾಪು, ಊಟದ ಡಬ್ಬಿ, ಮಳೆಕೋಟು ಎಲ್ಲ ನಿಮ್ಮ ಬೆನ್ನ ಮೇಲೆಯೇ. ಬೆನ್ನಿನ ಮೇಲೆ ಐದು ಕಿಲೋ ಹೊತ್ತು ಬೇಸಿಗೆಯಲ್ಲಿ ಹತ್ತು ಕಿಲೋಮೀಟರ್ ತುಳಿದರೆ ಅಂಗಿಯ ಗತಿ ಏನಾಗುತ್ತದೆ ಅಂತ ಬೇರೆ ಹೇಳಬೇಕಿಲ್ಲ.

ಇನ್ನು ಅಳತೆ. ನನ್ನನ್ನು ಕೇಳಿದರೆ ಬೆಲೆಗಿಂತ ಇದು ಮುಖ್ಯ. ಚಪ್ಪಲಿಯನ್ನು ಕಾಲಿಗೆ ಹಾಕಿ ನೋಡದೆ ಯಾರೂ ಕೊಳ್ಳುವುದಿಲ್ಲ, ಸೈಕಲ್ಲನ್ನು ಮಾತ್ರ ಬಣ್ಣ ನೋಡಿ ಕೊಳ್ಳುತ್ತೇವೆ. ಶೂ ಹಾಕಿಕೊಂಡು ಬಾರಿನ ಆಚೀಚೆ ಕಾಲಿಟ್ಟು ನಿಲ್ಲಿ; ಬಾರಿಗೂ ಮೈಗೂ ನಡುವೆ ಎರಡು ಮೂರು ಬೆರಳು ಸಂದಿ ಇರಬೇಕು. ಆಮೇಲೆ ಅಂಗಡಿಯವರಿಗೆ ಹ್ಯಾಂಡಲ್ ಹಿಡಿದುಕೊಳ್ಳಲು ಹೇಳಿ ಸೀಟಿನ ಮೇಲೆ ಕೂತು, ಕೆಳಗಿರುವ ಪೆಡಲಿನ ಮೇಲೆ ಹಿಮ್ಮಡಿ ಇಡಿ. ಕಾಲು ಪೂರ್ತಿ ನೆಟ್ಟಗಾದರೆ ಸೀಟಿನ ಎತ್ತರ ಸರಿ. ಪಾದದ ಮುಂಭಾಗದಿಂದ ತುಳಿಯುವಾಗ ಮೊಣಕಾಲು ತುಸುವೇ ಮಡಚುತ್ತದೆ. ನಮ್ಮಲ್ಲಿ ಬಹಳ ಜನ ಎರಡೂ ಪಾದ ನೆಲಕ್ಕೆ ತಾಗಬೇಕು ಅಂತ ಸೀಟು ತಗ್ಗಿಸಿಕೊಂಡು ಓಡಿಸುತ್ತಾರೆ, ಆಮೇಲೆ ಮಂಡಿನೋವು ಬಂತು ಅಂತ ಸೈಕಲ್ಲನ್ನೇ ದೂರುತ್ತಾರೆ. ಹ್ಯಾಂಡಲ್ ಹಿಡಿದಾಗ ಮೊಣಕೈ ಸ್ವಲ್ಪ ಸಡಿಲವಾಗಿ ಮಡಚಿರಲಿ. ಮೈಭಾರವೆಲ್ಲ ಅಂಗೈಗೆ ಬಿದ್ದರೆ ಒಂದೆರಡು ಗಂಟೆಯಲ್ಲಿ ಕಿರುಬೆರಳು, ಉಂಗುರದ ಬೆರಳು ಜೋಮು ಹಿಡಿಯುತ್ತವೆ. ಅಂಗೈಯಲ್ಲಿ ಹಾದುಹೋಗುವ ನರ ಒತ್ತಿಕೊಂಡದ್ದರ ಗುರುತು ಅದು.

ಸೀಟಿನ ವಿಷಯದಲ್ಲಿ ಒಂದು ಮಾತು. ಮೆತ್ತನೆಯ, ಉಬ್ಬಿದ ಸೀಟು ಐದಾರು ಕಿಲೋಮೀಟರಿಗೆ ಹಿತ. ಐವತ್ತು ದಾಟಿದ ಮೇಲೆ ಮೂಳೆ ಆ ಮೆತ್ತೆಯೊಳಗೆ ಹೂತುಕೊಂಡು ಒತ್ತಬಾರದ ಕಡೆ ಒತ್ತಡ ಬೀಳುತ್ತದೆ. ನಿಮ್ಮ ಕುಳಿತುಕೊಳ್ಳುವ ಮೂಳೆಯ ಅಗಲಕ್ಕೆ ಹೊಂದುವ, ತುಸು ಗಟ್ಟಿಯಾದ ಸೀಟೇ ದೂರಕ್ಕೆ ಒಳ್ಳೆಯದು. ಸೀರೆ, ಚೂಡಿದಾರದಲ್ಲಿ ಓಡಿಸುವ ಅಕ್ಕತಂಗಿಯರು ಬಾರು ತಗ್ಗಿರುವ ಫ್ರೇಮು, ಚೈನ್ ಕವರು ಎರಡನ್ನೂ ಸಂಕೋಚವಿಲ್ಲದೆ ಕೇಳಿ ಪಡೆಯಬೇಕು.

ಗೇರು. 21, 24 ಎಂಬ ಲೆಕ್ಕಕ್ಕೆ ಮರುಳಾಗಬೇಡಿ, ಅವುಗಳಲ್ಲಿ ಅರ್ಧದಷ್ಟು ಒಂದರಂತೆ ಇನ್ನೊಂದು. ಕೇಳಬೇಕಾದದ್ದು ಚೈನು ಕೂರುವ ಹಲ್ಲುಚಕ್ರಗಳ ಹಲ್ಲಿನ ಲೆಕ್ಕ. ಮುಂದೆ ಪೆಡಲಿನ ಬಳಿ 44 ಹಲ್ಲು, ಹಿಂದೆ 18 ಹಲ್ಲಿದ್ದರೆ ಪೆಡಲ್ ಒಂದು ಸುತ್ತಿಗೆ ಹಿಂದಿನ ಚಕ್ರ ಹತ್ತಿರ ಹತ್ತಿರ ಎರಡೂವರೆ ಸುತ್ತು ತಿರುಗುತ್ತದೆ; ಮಟ್ಟಸ ರಸ್ತೆಗೆ ಚೆನ್ನ. ಅದೇ ಲೆಕ್ಕದಲ್ಲಿ ಸೋಮೇಶ್ವರದಿಂದ ಆಗುಂಬೆಯ 14 ತಿರುವು ಹತ್ತಲು ಹೊರಟರೆ ಮೊದಲ ಕೆಲವು ತಿರುವಿನಲ್ಲೇ ಇಳಿದು ತಳ್ಳಬೇಕು. ಮುಂದಿನ ಚಿಕ್ಕ ಹಲ್ಲುಚಕ್ರ 30 ಹಲ್ಲಿನದು, ಹಿಂದಿನ ದೊಡ್ಡದು 34ರದು ಇದ್ದರೆ ಪೆಡಲ್ ಒಂದು ಸುತ್ತು ಬಂದಾಗ ಹಿಂದಿನ ಚಕ್ರ ಒಂದು ಸುತ್ತೂ ತಿರುಗುವುದಿಲ್ಲ. ನಿಧಾನ ಆಗುತ್ತದೆ, ಆದರೆ ಕ್ಯಾರಿಯರ್ ಮೇಲೆ ಬ್ಯಾಗಿದ್ದರೂ ಕೂತೇ ಹತ್ತಬಹುದು. ಮುಂದಿನ ಚಿಕ್ಕದಕ್ಕಿಂತ ಹಿಂದಿನ ದೊಡ್ಡದರಲ್ಲಿ ಹಲ್ಲು ಹೆಚ್ಚಿರಲಿ. ಇಷ್ಟು ನೋಡಿಕೊಂಡರೆ ನಂದಿಬೆಟ್ಟವಾಗಲಿ ಚಾರ್ಮಾಡಿಯಾಗಲಿ ಹೆದರಿಸುವುದಿಲ್ಲ.

ದೂರ ಅಂದರೆ ರೇಸಿನ ಸೈಕಲ್ಲೇ ಬೇಕು ಎನ್ನುವವರಿಗೆ ಬ್ರೆವೆ, ಅಂದರೆ ಗೊತ್ತುಮಾಡಿದ ಹೊತ್ತಿನೊಳಗೆ ದೂರ ಮುಟ್ಟಬೇಕಾದ ಸೈಕಲ್ ಓಟಗಳ, ಗಡುವಿನ ಲೆಕ್ಕ ಹೇಳುತ್ತೇನೆ. 200 ಕಿಲೋಮೀಟರಿಗೆ ಹದಿಮೂರೂವರೆ ಗಂಟೆ, 300ಕ್ಕೆ 20, 400ಕ್ಕೆ 27, 600ಕ್ಕೆ 40 ಗಂಟೆ. ನಾಲ್ಕು ವರ್ಷಕ್ಕೊಮ್ಮೆ ನಡೆಯುವ ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್‌ನ 1200 ಕಿಲೋಮೀಟರಿಗೆ 90 ಗಂಟೆ. ಊಟ ನಿದ್ದೆ ಎಲ್ಲ ಸೇರಿಸಿ ಗಂಟೆಗೆ 15 ಕಿಲೋಮೀಟರಿನೊಳಗೇ ಆಯಿತು. ಬೆಂಗಳೂರಿನಲ್ಲೂ ನಡೆಯುವ ಈ ಬ್ರೆವೆಗಳಲ್ಲಿ ಗೆಲ್ಲುವವರು ಸೋಲುವವರು ಇಲ್ಲ, ಹೊತ್ತಿಗೆ ಮುಟ್ಟಿದರಾಯಿತು. ಅಲ್ಲಿ ಕೈಬಿಡದೆ ಕಾಯುವುದು ನೋಯದ ಸೀಟು, ರಾತ್ರಿಗೆ ನಂಬುವಂಥ ಲೈಟು, ಮಳೆಗೆ ಮಡ್‌ಗಾರ್ಡು. ಆಫೀಸಿನ ದಾರಿಗೂ ಬೇಕಾದದ್ದು ಅವೇ.

ಬ್ರೇಕು ಡಿಸ್ಕ್ ಆದರೆ ಮಳೆನಾಡಿನವರಿಗೆ ಅನುಕೂಲ, ತಂತಿ ಎಳೆಯುವ ಡಿಸ್ಕ್ ಆದರೆ ಯಾವ ಊರಲ್ಲೂ ರಿಪೇರಿ ಸುಲಭ. ಫ್ರೇಮು ಉಕ್ಕಿನದಾಗಲಿ ಅಲ್ಯುಮಿನಿಯಂ ಆಗಲಿ ಪರವಾಗಿಲ್ಲ, ಕಾರ್ಬನ್ ಈ ಕೆಲಸಕ್ಕೆ ಬೇಡ. ಜಾಲಿಮುಳ್ಳಿನ ಸೀಮೆಯವರು, ಅದರಲ್ಲೂ ಸೈಕ್ಲಿಸ್ಟ್‌ಗಳ ತವರಾದ ವಿಜಯಪುರ, ಬಾಗಲಕೋಟೆ ಕಡೆಯವರು, ಒಳಗೆ ಮುಳ್ಳು ತಡೆಯುವ ಪದರವಿರುವ ಟೈರು ಹಾಕಿಸಿಕೊಳ್ಳಲಿ. ಒಂದು ಟ್ಯೂಬು, ಟೈರು ಬಿಚ್ಚುವ ಲೀವರು, ಸಣ್ಣ ಪಂಪು ಸದಾ ಜೊತೆಗಿರಲಿ.

ಕೊನೆಯದಾಗಿ, ಕೊಳ್ಳಲು ಹೋಗುವ ದಿನ ಆಫೀಸಿನ ಬ್ಯಾಗನ್ನೂ ಒಯ್ಯಿರಿ. ಮಡ್‌ಗಾರ್ಡು, ಕ್ಯಾರಿಯರು, ಸ್ಟ್ಯಾಂಡು, ಬೆಲ್ಲು ಅಲ್ಲೇ ಹಾಕಿಸಿ, ಬ್ಯಾಗು ಕಟ್ಟಿ, ಪೆಡಲ್ ತುಳಿಯುವಾಗ ಹಿಮ್ಮಡಿ ಬ್ಯಾಗಿಗೆ ತಾಗುತ್ತದೆಯೇ ಅಂತ ಓಡಿಸಿ ನೋಡಿ. ಆಮೇಲೆ ಹಾಕಿಕೊಡುತ್ತೇವೆ ಅಂದರೆ ಒಪ್ಪಬೇಡಿ. ಇನ್ನೂರು ಮುನ್ನೂರು ಕಿಲೋಮೀಟರ್ ಓಡಿದ ಮೇಲೆ ಹೊಸ ತಂತಿ ಎಳೆದುಕೊಂಡು ಗೇರು ತಪ್ಪಲು ಶುರುವಾಗುತ್ತದೆ, ಚಕ್ರದ ಕಡ್ಡಿಗಳೂ ಸಡಿಲವಾಗುತ್ತವೆ. ಆಗ ಒಂದು ಸಲ ಸರ್ವಿಸ್‌ಗೆ ಬಿಟ್ಟು, ಕಡ್ಡಿ ಬಿಗಿ ಮಾಡಿಸಿಕೊಂಡ ಮೇಲೆಯೇ ದೂರದ ದಾರಿ ಹಿಡಿಯಿರಿ.

ನಮಸ್ಕಾರ.