ಕೊನೆಯ ನುಡಿ ಬಿಡಬೇಡಿ

ಎಲ್ಲರಿಗೂ ನಮಸ್ಕಾರ. ಕಲಬುರಗಿಯಿಂದ ಮಾತಾಡುತ್ತಿದ್ದೇನೆ.

ಹೋದ ತಿಂಗಳು ನಮ್ಮೂರ ಕಾರ್ಯಕ್ರಮವೊಂದರಲ್ಲಿ ಮೂವರು ಹಾಡಿದರು. ಹುಡುಗಿಯದು ತುಂಬಿದ ದನಿ. ಒಬ್ಬ ಹುಡುಗನ ಕೈಯಲ್ಲಿ ಗಿಟಾರ್, ಇನ್ನೊಬ್ಬನ ಕೈಯಲ್ಲಿ ದಮ್ಮಡಿ, ಕೈಯಲ್ಲಿ ಹಿಡಿದು ಬಡಿಯುವ ಚರ್ಮದ ವಾದ್ಯ. ನಮ್ಮ ಕಡೆಯ ಹಳೆಯ ಪದಕಾರ ಕಡಕೋಳ ಮಡಿವಾಳಪ್ಪನವರ ಒಂದು ತತ್ವಪದ, ಅಂದರೆ ತತ್ವ ಹೇಳುವ ಹಾಡು, ಎತ್ತಿಕೊಂಡರು. ಜನ ಎದ್ದು ಕುಣಿದರು. ನನಗೂ ಮೈ ಜುಂ ಅಂದಿತು. ಪಕ್ಕದಲ್ಲಿ ನಮ್ಮ ಸೋದರಮಾವ ಕೂತಿದ್ದರು. ಅಮಾವಾಸ್ಯೆ ಭಜನೆಯಲ್ಲಿ ನಲವತ್ತು ವರ್ಷ ಹಾಡಿದವರು. ಹಾಡು ಮುಗಿದ ಮೇಲೆ ಹುಡುಗಿಯನ್ನು ಕರೆದು ಕೇಳಿದರು: "ಭಾಳ ಛಲೋ ಹಾಡಿದಿ ನನ್ನವ್ವ. ಕಡೀ ನುಡಿ ಎಲ್ಲಿ ಬಿಟ್ಟಿ?"

"ಮೂರು ಮಿನಿಟ್ನಾಗ ಮುಗಸಬೇಕಿತ್ರೀ ಮುತ್ಯಾ" ಅಂದಳು.

ಮಾವ ಮತ್ತೇನೂ ಅನ್ನಲಿಲ್ಲ. ನನಗೆ ಮಾತ್ರ ಆ ರಾತ್ರಿ ನಿದ್ದೆ ಬರಲಿಲ್ಲ.

ಯಾಕೆ ಅಂದರೆ, ನುಡಿ ಅಂದರೆ ಹಾಡಿನ ಚರಣ. ಪದ ಕಟ್ಟಿದವರು ಗುರುತಿಗೆ ಇಡುವ ಹೆಸರು, ಅಂಕಿತ, ಇರುವುದೇ ಆ ಕೊನೆಯ ನುಡಿಯಲ್ಲಿ. ಮಡಿವಾಳಪ್ಪನವರು ಅಲ್ಲಿ ತಮ್ಮ ಗುರು ಮಹಾಂತನ ಹೆಸರು ಇಟ್ಟರು. ಅವರ ಹಿಂದೆ ಚನ್ನೂರ ಜಲಾಲಸಾಬ, ಖೈನೂರ ಕೃಷ್ಣಪ್ಪ, ತೆಲಗಬಾಳ ರೇವಪ್ಪ, ಹೀಗೆ ಒಂದು ದೊಡ್ಡ ಶಿಷ್ಯಬಳಗವೇ ಪದ ಕಟ್ಟಿತು. ಬೇರೆ ಬೇರೆ ಜಾತಿ, ಬೇರೆ ಧರ್ಮದವರು. ಓದು ಬಾರದ ಜನರ ಬಾಯಲ್ಲಿ ಇಷ್ಟು ವರ್ಷ ಆ ಪದಗಳು ಉಳಿದು ಬಂದವು. ಕಟ್ಟಿದವರ ಗುರುತು ಪದದ ಒಳಗೇ ಇತ್ತು, ಅದಕ್ಕೆ ಅದೂ ಉಳಿಯಿತು. ಈಗ ನಾವು ಆ ನುಡಿ ಕತ್ತರಿಸುತ್ತೇವೆ. ಆಮೇಲೆ ಯೂಟ್ಯೂಬಿನಲ್ಲಿ ಕೆಳಗೆ 'ಜಾನಪದ ಗೀತೆ' ಅಂತ ಬರೆಯುತ್ತೇವೆ. ಬರೆದವರು ಯಾರೋ ಗೊತ್ತಿಲ್ಲ ಅನ್ನುವ ಹಾಗೆ! ಹೆಸರು ಹಾಡಿನಲ್ಲೇ ಇತ್ತಲ್ವಾ? ನಾವೇ ಅಲ್ವಾ ತೆಗೆದದ್ದು?

ಗಿಟಾರ್ ಬೇಡ ಅಂತ ನಾನು ಹೇಳುತ್ತಿಲ್ಲ. ಹಾರ್ಮೋನಿಯಂ ಕೂಡ ಒಂದು ಕಾಲಕ್ಕೆ ಹೊರಗಿನಿಂದ ಬಂದದ್ದೇ. ಇವತ್ತು ಅದಿಲ್ಲದೆ ನಮ್ಮ ಭಜನೆ ನಡೆಯುವುದಿಲ್ಲ. ಏಕತಾರಿಗೆ ಒಂದೇ ತಂತಿ. ಅದು ಒಂದೇ ಸುರ ಹಿಡಿದು ಕೂಡುತ್ತದೆ, ದನಿ ಅದರ ಸುತ್ತ ತಿರುಗುತ್ತದೆ. ಗಿಟಾರಿನವನು ಸಾಲಿಗೊಂದು ಕಾರ್ಡ್ ಬದಲಿಸಿದರೆ ಪದ ಸಿನಿಮಾ ಹಾಡಿನ ಕಡೆ ಜಾರುತ್ತದೆ. ಆ ಹುಡುಗನಿಗೆ ಇದನ್ನೇ ಹೇಳಿದೆ. ಮರುದಿನ ಒಂದೇ ತಂತಿ ಮೀಟುತ್ತಾ ಕೂತ. ಎಷ್ಟು ಚೆಂದ ಕೇಳಿಸಿತು ಗೊತ್ತಾ?

ಹೌದು, ಆಮೇಲೆ ಮೂವರೂ ನಮ್ಮ ಮನೆಗೆ ಬಂದರು. ತಾವೇ ಕಟ್ಟಿದ ಹಾಡೊಂದನ್ನು ಕೇಳಿಸಿದರು. ಅದರಲ್ಲಿ ಬೆಟ್ಟ, ಮಂಜು, ಜಿಟಿಜಿಟಿ ಮಳೆ. ನಮ್ಮಲ್ಲಿ ಎಲ್ಲಿದೆ ಮಂಜು? ನಮ್ಮದು ತೊಗರಿ ಹೊಲ, ಕರಿ ಮಣ್ಣು, ಶಹಾಬಾದ್ ಕಲ್ಲು ಹಾಸಿದ ಮನೆ, ತಲೆ ಸುಡುವ ಬಿಸಿಲು. ಪದಕಾರರು ಬೀಸುವ ಕಲ್ಲು, ಬಂಡಿ, ಮಗ್ಗ, ಹೊಲ ಇಟ್ಟುಕೊಂಡೇ ಎಂಥೆಂಥ ಮಾತು ಹೇಳಿದರು. ಕಣ್ಣೆದುರು ಇರುವುದನ್ನೇ ಎತ್ತಿಕೊಂಡರು.

ಕಟ್ಟುವ ರೀತಿಯನ್ನೂ ಅವರಿಂದ ಕಲಿಯಬೇಕು. ಸಾಲುಗಳ ಎರಡನೇ ಅಕ್ಷರ ಹೆಚ್ಚಾಗಿ ಒಂದೇ ಇರುತ್ತದೆ. ಅದು ಬರೀ ಚೆಂದಕ್ಕಲ್ಲ, ನೆನಪಿಗೆ. ಒಂದು ಸಾಲು ಬಾಯಿಗೆ ಬಂದರೆ ಮುಂದಿನದನ್ನು ಆ ಅಕ್ಷರವೇ ಎಳೆದು ತರುತ್ತದೆ. ಪಲ್ಲವಿ ಚಿಕ್ಕದು, ಯಾಕೆಂದರೆ ಹಿಮ್ಮೇಳದವರು ಅದನ್ನು ಎತ್ತಬೇಕು. ಅವರು ಎತ್ತಿಕೊಂಡಾಗ ಮುಂದೆ ಹಾಡುವವನಿಗೆ ಉಸಿರು ಸಿಗುತ್ತದೆ, ಮುಂದಿನ ನುಡಿ ನೆನಪಾಗುತ್ತದೆ. ಮೂವರ ತಂಡಕ್ಕೆ ಇದಕ್ಕಿಂತ ಒಳ್ಳೆಯ ಅಳತೆ ಎಲ್ಲಿ ಸಿಗುತ್ತದೆ? ಒಬ್ಬರು ಹೇಳುವುದು, ಇಬ್ಬರು ಹಿಡಿಯುವುದು. ಮೊಹರಂ ಹೊತ್ತಿಗೆ ಹಳ್ಳಿಗಳಲ್ಲಿ ರಿವಾಯತ್ ಪದ ಕೇಳಿ ನೋಡಿ. ಅಲ್ಲೂ ಹೇಳುವವರು ಬೇರೆ, ಎತ್ತಿಕೊಳ್ಳುವವರು ಬೇರೆ. ಹಿಂದೂ, ಮುಸಲ್ಮಾನ ಎಲ್ಲರೂ ಸೇರಿ ಕರ್ಬಲಾದ ಕತೆಯನ್ನು ಕನ್ನಡದಲ್ಲಿ ಹಾಡುತ್ತಾರೆ.

ಮೂವರೂ ಮಂಜಿನ ಹಾಡು ಬಿಟ್ಟರು. ದಮ್ಮಡಿ ಹುಡುಗನ ಅಣ್ಣ ಗುಳೆ ಹೋಗಿದ್ದಾನೆ, ಪುಣೆಯಲ್ಲಿ ಕಟ್ಟಡದ ಕೆಲಸ. ಮನೆಗೆ ಬೀಗ. ಅದನ್ನೇ ಹಿಡಿದರು. ಪಲ್ಲವಿ ಹೀಗಿದೆ:

ಬೀಗ ಹಾಕಿ ಹ್ವಾದೆಪ್ಪಣ್ಣ
ಬಾಗಿಲ ನಿನ್ನ ಕಾಯ್ತಾದ

ಅಷ್ಟೇ. ಎರಡನೇ ಸಲಕ್ಕೆ ಅಡುಗೆಮನೆಯಿಂದ ನಮ್ಮ ತಾಯಿ ಎತ್ತಿಕೊಂಡರು. ಹೇಳಿಕೊಟ್ಟವರು ಯಾರೂ ಇಲ್ಲ.

ಅಂಕಿತದ ಮಾತು ಬಂತು. ಯಾರು ಬರೆದದ್ದು ಅಂತ ಹಾಕಬೇಕು? ಸಾಲು ಒಬ್ಬರದು, ಧಾಟಿ ಒಬ್ಬರದು, ಕತೆ ಇನ್ನೊಬ್ಬರದು. ಇಂಥ ಮಾತಿನಲ್ಲೇ ತಂಡಗಳು ಒಡೆಯುತ್ತವೆ. ಇವರು ಸುಮ್ನೆ ಸ್ವಲ್ಪ ಹೊತ್ತು ಕೂತರು. ಆಮೇಲೆ ಹುಡುಗಿ ತನ್ನ ಅಜ್ಜಿಯ ಹೆಸರು ಹೇಳಿದಳು. ಬೀಸುವಾಗ ಹಾಡುತ್ತಿದ್ದ ಅಜ್ಜಿ, ಇವಳಿಗೆ ಮೊದಲ ಧಾಟಿ ಕಲಿಸಿದವಳು. ಇಬ್ಬರೂ ಹುಡುಗರು ಒಪ್ಪಿದರು. ದಮ್ಮಡಿಯವನು ಆ ಹೆಸರನ್ನು ಎರಡು ಸಲ ಬಡಿದು ನೋಡಿ, "ತಾಳಕ್ಕ ಕೂಡ್ತದ್ರೀ" ಅಂದ.

ಬರುವ ಅಮಾವಾಸ್ಯೆಗೆ ಮಾವನ ಭಜನೆಯಲ್ಲಿ ಹಾಡುತ್ತಾರೆ. ಐದು ನುಡಿ, ಪೂರ್ತಿ. ನಾನು ಅದನ್ನು ಕತ್ತರಿಸದೆ ಇಲ್ಲಿ ಹಾಕುತ್ತೇನೆ.