ಬಾದಾಮಿ ಬಂಡೆ ಮೇಲೆ ನಡುಗುವ ಕಾಲು

ನಮಸ್ಕಾರ ರೀ ಎಲ್ಲರಿಗೂ. ಇವತ್ತು ಬಾದಾಮಿಯಲ್ಲಿದ್ದೇನೆ. ಗುಹೆ ತೋರಿಸುವುದಿಲ್ಲ, ಅದನ್ನು ಬೇಕಾದಷ್ಟು ಜನ ತೋರಿಸಿದ್ದಾರೆ. ಇವತ್ತು ಬಂಡೆ ಹತ್ತುವುದು.

ನಮ್ಮಂಥ ಬಾಗಲಕೋಟೆಯವರಿಗೆ ಬಾದಾಮಿ ಅಂದರೆ ಬನಶಂಕರಿ ಜಾತ್ರೆ, ಅಗಸ್ತ್ಯತೀರ್ಥ, ಕೈಯಲ್ಲಿರುವ ಬಾಳೆಹಣ್ಣು ಕಿತ್ತುಕೊಂಡು ಓಡುವ ಮಂಗ. ಮೂರನೇ ಗುಹೆಯಲ್ಲಿ ಚಾಲುಕ್ಯ ಮಂಗಳೇಶ ಬರೆಸಿದ 578ರ ಶಾಸನ ಇದೆ ಅನ್ನುವುದೂ ಗೊತ್ತು, ಶಾಲೆಯಲ್ಲಿ ಬಾಯಿಪಾಠ ಮಾಡಿಸಿದ್ದರು. ಆದರೆ ಇದೇ ಕೆಂಪು ಮರಳುಗಲ್ಲು ಹತ್ತಬೇಕು ಅಂತ ದೂರದ ದೇಶಗಳಿಂದ ಜನ ಹಗ್ಗ ಹೊತ್ತುಕೊಂಡು ಬರುತ್ತಾರೆ, ಅದು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಸ್ಮಾರಕಗಳನ್ನು ಹತ್ತುವ ಹಾಗಿಲ್ಲ, ಅದು ಪುರಾತತ್ವ ಇಲಾಖೆಯ ಜಾಗ. ಹತ್ತುವುದು ಅದರಾಚೆಯ ಬಂಡೆಗಳನ್ನು.

ನನಗೆ ಮಾಳಿಗೆ ಮೇಲೆ ಬಟ್ಟೆ ಒಣಹಾಕುವಾಗ ಅಂಚಿಗೆ ಹೋಗುವುದೂ ಭಯ. ಮೊದಲು ಧೈರ್ಯ ಬರಲಿ, ಆಮೇಲೆ ಹೋದರಾಯಿತು ಅಂತ ಮುಂದೂಡುತ್ತಲೇ ಇದ್ದೆ. ಮುಂದೂಡಿದಾಗ ಮನಸ್ಸಿಗೆ ಹಾಯೆನಿಸುತ್ತದೆ ಅಲ್ವಾ? ಆ ನೆಮ್ಮದಿಯಿಂದಲೇ ಮುಂದಿನ ಸಲ ತಪ್ಪಿಸಿಕೊಳ್ಳುವುದು ಇನ್ನೂ ಸುಲಭ ಆಗುತ್ತದೆ, ಭಯ ಇದ್ದಲ್ಲೇ ಇರುತ್ತದೆ.

ಇಲ್ಲಿ ನೋಡಿ, ಸೊಂಟಕ್ಕೆ ಹಾರ್ನೆಸ್ ಅನ್ನುವ ಗಟ್ಟಿ ಪಟ್ಟಿ, ಅದಕ್ಕೆ ಹಗ್ಗ ಕಟ್ಟಿದ ಎಂಟರ ಆಕಾರದ ಗಂಟು. ಕಲಿಸುವ ಅಣ್ಣ ಗಂಟನ್ನು ಎಳೆದೆಳೆದು ನೋಡಿದರು, ಅವರ ಬಿಲೇ ಸಾಧನವನ್ನು, ಅಂದರೆ ನಾನು ಜಾರಿದಾಗ ಹಗ್ಗ ತಡೆದು ಹಿಡಿಯುವ ಸಾಧನವನ್ನು, ನಾನು ನೋಡಿದೆ. ಹತ್ತುವ ಮುಂಚೆ ಒಬ್ಬರದನ್ನು ಇನ್ನೊಬ್ಬರು ನೋಡಲೇಬೇಕು. ಹಗ್ಗ ಮೇಲಿನ ಕೊಂಡಿಯಲ್ಲಿ ಹಾದು ಕೆಳಗೆ ಅವರ ಕೈಗೆ ಬರುತ್ತದೆ, ನಾನು ಜಾರಿದರೆ ಅಲ್ಲೇ ತೂಗಾಡುತ್ತೇನೆ. ತಲೆಗೆ ಇದೆಲ್ಲ ಅರ್ಥ ಆಗಿತ್ತು. ಕಾಲಿಗೆ ಆಗಿರಲಿಲ್ಲ.

ಎರಡಾಳು ಎತ್ತರ ಹೋಗಿದ್ದೆ ಅಷ್ಟೇ, ಬಲಗಾಲು ಹೊಲಿಗೆ ಮಷಿನ್ ಸೂಜಿಯ ಹಾಗೆ ಕುಣಿಯಲು ಶುರು. ಅಂಗೈ ಬೆವರಿ, ಕೈ ಜಾರದಿರಲಿ ಅಂತ ಹಚ್ಚಿಕೊಂಡ ಚಾಕ್ ಪುಡಿಯೆಲ್ಲ ಹಸಿ ಹಿಟ್ಟು. "ಅಣ್ಣಾ, ಇಳಸ್ರಿ, ನನ್ನ ಕೈಲಿ ಆಗಂಗಿಲ್ಲ!" ಅಂತ ಕೂಗಿದೆ. ಕೆಳಗಿನಿಂದ "ಹೆದರಬ್ಯಾಡ" ಅಂತ ಬರಬಹುದು ಅಂದುಕೊಂಡರೆ, ಬಂದದ್ದು "ತಂಗಿ, ಹಿಮ್ಮಡಿ ಕೆಳಗ ಇಳಸು." ತುದಿಗಾಲಲ್ಲಿ ಹಿಮ್ಮಡಿ ಎತ್ತಿಕೊಂಡು ನಿಂತರೆ ಮೀನಖಂಡ ಸೋತು ನಡುಗುತ್ತದಂತೆ. ಇಳಿಸಿದೆ. ನಡುಕ ನಿಂತಿತು. ಭಯ ನಿಲ್ಲಲಿಲ್ಲ ರೀ, ಸುಳ್ಳು ಯಾಕೆ ಹೇಳಲಿ, ಆದರೆ ಅದರ ಜೊತೆ ವಾದ ಮಾಡುವ ಬದಲು ನನಗೆ ಮಾಡಲಿಕ್ಕೆ ಒಂದು ಕೆಲಸ ಸಿಕ್ಕಿತ್ತು.

ಆಮೇಲೆ ಅವರು "ಈಗ ಕೈ ಬಿಡು" ಅಂದರು. ಬೇಕಂತಲೇ ಬೀಳುವುದು, ಇದೂ ಅಭ್ಯಾಸದ ಭಾಗವೇ. ಬಿಟ್ಟೆ. ಕಿರುಚಿದ್ದನ್ನು ಎಡಿಟ್ ಮಾಡಿಲ್ಲ, ಕೇಳಿ ನಗಿ. ಹಗ್ಗ ಸ್ವಲ್ಪ ಹಿಗ್ಗಿ ಹಿಡಿಯಿತು, ಮೊಣಕೈ ತರಚಿತು, ಮುಗೀತು. ಮತ್ತೆ ಹತ್ತಿದೆ, ಮತ್ತೆ ಬಿಟ್ಟೆ. ಕಿರುಚಾಟ ಸಣ್ಣದಾಗುತ್ತಾ ಹೋಗುವುದು ಆಡಿಯೋದಲ್ಲೇ ಗೊತ್ತಾಗುತ್ತದೆ.

ಆಲ್ಬರ್ಟ್ ಬಂಡೂರಾ ಅನ್ನುವ ಮನಶ್ಶಾಸ್ತ್ರಜ್ಞ 1977ರಲ್ಲೇ ಇದನ್ನು ಬರೆದಿದ್ದರು. ನನ್ನಿಂದ ಆಗುತ್ತದೆ ಅನ್ನುವ ನಂಬಿಕೆ ಬೇರೆಯವರನ್ನು ನೋಡಿ ಬರಬಹುದು, ಯಾರಾದರೂ ಹುರಿದುಂಬಿಸಿದರೂ ಬರಬಹುದು, ಆದರೆ ಗಟ್ಟಿಯಾಗಿ ಬರುವುದು ಸ್ವತಃ ಮಾಡಿ ನೋಡಿದಾಗ. ಅದಕ್ಕೇ ಮೋಟಿವೇಶನ್ ವಿಡಿಯೋಗಳ ಮೇಲೆ ನನಗೆ ಜಾಸ್ತಿ ನಂಬಿಕೆ ಇಲ್ಲ, ಇದನ್ನೂ ಸೇರಿಸಿಕೊಂಡೇ ಹೇಳುತ್ತಿದ್ದೇನೆ.

ಹಾಗಂತ ಯಾರೂ ಸುಮ್ನೆ ಬಂದು ಹಗ್ಗ ಇಲ್ಲದೆ ಹತ್ತಬೇಡಿ. ಗೊತ್ತಿರುವವರ ಜೊತೆ ಬನ್ನಿ, ಚಳಿಗಾಲದಲ್ಲಿ ಬನ್ನಿ, ಬೇಸಿಗೆಯಲ್ಲಿ ಈ ಕಲ್ಲು ಕಾದು ಕೆಂಡ. ಮಳೆ ಬಿದ್ದರೆ ಬಂಡೆ ಪೂರ್ತಿ ಒಣಗುವವರೆಗೆ ಕಾಯಿರಿ, ಮರಳುಗಲ್ಲು ಒದ್ದೆ ಇದ್ದಾಗ ಹಿಡಿದ ಅಂಚೇ ಮುರಿದು ಕೈಗೆ ಬರಬಹುದು.

ಮೇಲಿನ ಕೊಂಡಿ ಮುಟ್ಟಿದೆನಾ? ಇಲ್ಲ, ಇನ್ನೂ ಒಂದಾಳು ಎತ್ತರ ಬಾಕಿ. ಈಗ ಬಿಸಿಲು ಜೋರಾಗಿದೆ, ಅವ್ವ ಕಟ್ಟಿಕೊಟ್ಟ ರೊಟ್ಟಿ, ಶೇಂಗಾ ಹಿಂಡಿ ತಿಂದು ಸಂಜೆ ಮತ್ತೆ ಶುರು ಮಾಡುತ್ತೇವೆ. ಅಂದಹಾಗೆ ಕ್ಯಾಮೆರಾ ಹಿಡಿದಿರುವುದು ನನ್ನ ತಮ್ಮ, ಎತ್ತರ ಅಂದರೆ ಅವನಿಗೂ ಆಗುವುದಿಲ್ಲ. ನನ್ನ ನಂತರ ಅವನ ಪಾಳಿ ಅಂತ ಇನ್ನೂ ಅವನಿಗೆ ಹೇಳಿಲ್ಲ.